ದ್ರಾಕ್ಷಿ ಹಿಪ್ಪೆಯಿಂದ ಟಾರ್ಟಾರ್: ಶಹಾಬಾದದ ನೀರು ಕೊಟ್ಟ ಕಾಟ

ಕೊನೆಗೂ ಫ್ರಿಜ್ಜಿನಲ್ಲಿಟ್ಟ ಪಾತ್ರೆಯ ತಳದಲ್ಲಿ ತಿಳಿಗುಲಾಬಿ ಬಣ್ಣದ, ಬೆರಳಿಗೆ ಕಲ್ಲುಸಕ್ಕರೆಯ ಚೂರಿನಂತೆ ತಾಗುವ ಹರಳುಗಳು ಕೂತಿವೆ. ಒಂದು ಚಿಟಿಕೆ ತೆಗೆದು ಅಡುಗೆ ಸೋಡಾದ ಜೊತೆ ಬಿಸಿನೀರಿಗೆ ಹಾಕಿದರೆ ಭುಸ್ಸೆಂದು ನೊರೆ ಏಳುತ್ತದೆ. ಇದು ಪೊಟ್ಯಾಸಿಯಂ ಬೈಟಾರ್ಟರೇಟ್, ಅಂದರೆ ಬೇಕರಿಯವರ ಕ್ರೀಮ್ ಆಫ್ ಟಾರ್ಟಾರ್. ವೈನ್ ಮಾಡಿ ಉಳಿದ ದ್ರಾಕ್ಷಿ ಸಿಪ್ಪೆ-ಬೀಜಗಳ ಹಿಪ್ಪೆಯನ್ನು ಕುದಿಸಿ, ಬಿಸಿಯಿರುವಾಗಲೇ ಸೋಸಿ, ತಣಿಸುವ ಕ್ರಮ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಬಿಟ್ಟು, ಈ ಹರಳು ಬರುವ ಮುನ್ನ ಪ್ರತಿ ಸಲವೂ ಅದರ ಜಾಗದಲ್ಲಿ ಬಂದು ಕೂರುತ್ತಿದ್ದ ಒಂದು ಬಿಳಿ ಪುಡಿಯ ವಿಷಯವನ್ನೇ ಬರೆಯುತ್ತೇನೆ.

ಹಿಪ್ಪೆ ಬಂದದ್ದು ವಿಜಯಪುರದ ಕಡೆಯ ಒಂದು ವೈನರಿಯಿಂದ. ಕೆಂಪು ವೈನಿನ ಹಿಪ್ಪೆಯೇ ಬೇಕೆಂದು ಹಟ ಹಿಡಿಯಲು ಕಾರಣವಿದೆ. ಬಿಳಿ ವೈನಿನಲ್ಲಿ ರಸವನ್ನು ಮೊದಲೇ ಹಿಂಡಿ ತೆಗೆಯುವುದರಿಂದ ಹಿಪ್ಪೆಯಲ್ಲಿ ಸಕ್ಕರೆ ಉಳಿದಿರುತ್ತದೆ. ಕೆಂಪು ವೈನಿನಲ್ಲಿ ಸಿಪ್ಪೆ ಮತ್ತು ಬೀಜಗಳು ರಸದೊಡನೆಯೇ ಹುಳಿಯುತ್ತವೆ, ಮದ್ಯಸಾರ ಹೆಚ್ಚಿದಂತೆ ಟಾರ್ಟಾರ್ ಕರಗಿ ಉಳಿಯಲಾರದೆ ಸಿಪ್ಪೆಯ ಮೇಲೆಯೇ ಹರಳುಗಟ್ಟುತ್ತದೆ. ಕಳಿಸಿದವರು ಮಾತ್ರ ತೊಟ್ಟು, ಕಡ್ಡಿ ಎಲ್ಲವನ್ನೂ ಸೇರಿಸಿ, ಹಸಿಯಾಗಿಯೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ತೂಕಕ್ಕೆ ಹಣ ಎಣಿಸಿಕೊಂಡರು. ಅರ್ಧ ಚೀಲ ಬೂಸಲು ಹಿಡಿದಿತ್ತು.

ಉಳಿದದ್ದನ್ನು ಬೋರ್ ನೀರಿನಲ್ಲಿ ಕುದಿಸಿ ಸೋಸಿದಾಗ ಗಾಢ ಕೆಂಪು ಕಷಾಯ ಸಿಕ್ಕಿತು. ತಣಿದ ಮೇಲೆ ಅದರ ತಳದಲ್ಲಿ ಹಿಟ್ಟಿನಂಥ ಪುಡಿ ನಿಂತಿತು. ಅದು ಕುದಿಯುವ ನೀರಿನಲ್ಲಿ ಕರಗಲಿಲ್ಲ, ನಾಲಿಗೆಗೆ ಹುಳಿ ಎನಿಸಲಿಲ್ಲ, ಸೋಡಾ ಹಾಕಿದರೂ ನೊರೆ ಬರಲಿಲ್ಲ. ಹಾಗಾದರೆ ಪಾತ್ರೆಗೆ ಕಟ್ಟುವ ಸುಣ್ಣವೇ ಇರಬೇಕೆಂದು ವಿನೆಗರ್ ಸುರಿದರೆ ಅದಕ್ಕೂ ಗುಳ್ಳೆ ಏಳಲಿಲ್ಲ. ಟಾರ್ಟಾರೂ ಅಲ್ಲದ, ಬರಿಯ ಸುಣ್ಣವೂ ಅಲ್ಲದ ಈ ಪದಾರ್ಥದ ಸುಳಿವು ಸಿಕ್ಕಿದ್ದು ಅಂಗಳದ ಫರಸಿಯಿಂದ. ಹಿಪ್ಪೆಯ ಚೀಲ ಸೋರಿದ ಕಡೆಯಲ್ಲೆಲ್ಲ ಶಹಾಬಾದ್ ಕಲ್ಲು ಹೊಳಪು ಕಳೆದುಕೊಂಡು ಬಿಳಿಚಿತ್ತು. ನಮ್ಮ ಕಲ್ಲು ಸುಣ್ಣದ ಕಲ್ಲು. ಅದೇ ಕಲ್ಲಿನ ಸಂದಿಯಿಂದ ಬರುವ ನೀರೂ ಕ್ಯಾಲ್ಸಿಯಂ ಹೊತ್ತೇ ಬರುತ್ತದೆ. ಆ ಕ್ಯಾಲ್ಸಿಯಂ ಟಾರ್ಟರೇಟನ್ನು ಹಿಡಿದುಕೊಂಡರೆ ಕ್ಯಾಲ್ಸಿಯಂ ಟಾರ್ಟರೇಟ್ ಆಗುತ್ತದೆ, ಮತ್ತು ಅದು ನೀರಿನಲ್ಲಿ ಕರಗುವುದು ತೀರಾ ಅತ್ಯಲ್ಪ.

ಲೆಕ್ಕ ಹಾಕಿದರೆ ಕಾಟದ ಪ್ರಮಾಣವೂ ತಿಳಿಯುತ್ತದೆ. ನೀರು ಪರೀಕ್ಷೆಯ ಕಿಟ್ಟಿನಲ್ಲಿ ನಮ್ಮ ಬೋರಿನ ಗಡಸುತನ, ಅಂದರೆ ನೀರಿನಲ್ಲಿ ಕರಗಿರುವ ಸುಣ್ಣದಂಶ, ಲೀಟರಿಗೆ ಸುಮಾರು 500 ಮಿಲಿಗ್ರಾಂ ಎಂದು ಬಂತು. ಕುಡಿಯುವ ನೀರಿಗೆ ಭಾರತೀಯ ಮಾನಕವು 200ನ್ನು ಅಪೇಕ್ಷಣೀಯ ಮಿತಿ ಎನ್ನುತ್ತದೆ, ಬೇರೆ ಮೂಲವಿಲ್ಲದ ಕಡೆ 600ರವರೆಗೆ ಸಹಿಸುತ್ತದೆ. ಅಂದರೆ ನಮ್ಮದು ಕುಡಿಯಲು ನಡೆಯುವ ನೀರೇ. ಆದರೆ ಅಷ್ಟು ಗಡಸುತನವು, ಅದರ ಜೊತೆಗಿರುವ ಬೈಕಾರ್ಬನೇಟ್‌ನ ಸಹಾಯದಿಂದ, ಪ್ರತಿ ಲೀಟರಿನಲ್ಲೂ 2 ಗ್ರಾಮಿಗೆ ತುಸು ಕಡಿಮೆ ಟಾರ್ಟಾರನ್ನು ನುಂಗಬಲ್ಲದು. ಶುದ್ಧ ಟಾರ್ಟಾರ್ 100 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 60 ಗ್ರಾಂ ಕರಗಿದರೆ 20 ಡಿಗ್ರಿಯಲ್ಲಿ ಕರಗುವುದು 6 ಗ್ರಾಮಿನೊಳಗೆ. ಈ ಅಂತರವೇ ನಮ್ಮ ಇಡೀ ಕಸುಬಿನ ಬಂಡವಾಳ. ಕಷಾಯದಲ್ಲಿ ಲೀಟರಿಗೆ ಏಳೂವರೆ ಗ್ರಾಂ ಇಳಿದಿದೆ ಎಂದುಕೊಂಡರೂ, ನೀರು ತನ್ನ ಪಾಲು ತೆಗೆದುಕೊಂಡ ಮೇಲೆ ಉಳಿಯುವುದು ತಣ್ಣಗಾದರೂ ಕರಗಿಯೇ ಇರಬಲ್ಲಷ್ಟು. ಇನ್ನು ಏಪ್ರಿಲ್ ತಿಂಗಳ ನಮ್ಮ ಅಡುಗೆಮನೆಯನ್ನು 20 ಡಿಗ್ರಿಗೆ ಇಳಿಸುವ ದೇವರು ಇನ್ನೂ ಹುಟ್ಟಿಲ್ಲ.

ರೋಗ ತಿಳಿದ ಮೇಲೆ ಮದ್ದು ಮೃದುವಾದ ನೀರು ಎನ್ನುವುದು ಸ್ಪಷ್ಟ. ಮಳೆನೀರು ಎಲ್ಲಕ್ಕಿಂತ ಉತ್ತಮ, ಆದರೆ ದ್ರಾಕ್ಷಿ ಕೊಯ್ಲು ಬೇಸಿಗೆಯ ಹೊಸ್ತಿಲಲ್ಲಿ, ಮಳೆ ಜೂನ್‌ಗೆ. ಗ್ಯಾರೇಜಿನ ಹತ್ತಿರದ ಅಂಗಡಿಯಲ್ಲಿ ಬ್ಯಾಟರಿ ನೀರಿನ ಕ್ಯಾನ್ ತಂದು, ಕರಗಿರುವ ಲವಣವನ್ನು ಅಳೆಯುವ ಟಿಡಿಎಸ್ ಮೀಟರ್ ಅದ್ದಿದೆ. ಕ್ಯಾನಿನ ಮೇಲೆ ದೊಡ್ಡ ಅಕ್ಷರದಲ್ಲಿ ಡಿಸ್ಟಿಲ್ಡ್ ಎಂದು ಬರೆದಿದ್ದರೂ ಮೀಟರ್ ತೋರಿಸಿದ ಅಂಕಿ ನಮ್ಮ ನಲ್ಲಿ ನೀರಿಗೆ ಸೋದರಸಂಬಂಧಿಯಾಗಿತ್ತು. ಅಂಗಡಿಯಾತ ಮೀಟರೇ ಕೆಟ್ಟಿದೆ ಎಂದು ತೀರ್ಪು ಕೊಟ್ಟ. ಕಡೆಗೆ ನೆರವಿಗೆ ಬಂದದ್ದು ಮನೆಯ ಆರ್‌ಒ ಯಂತ್ರ. ಅದು ಕೊಡುವ ನೀರಿಗಿಂತ ಹೊರಗೆ ಚೆಲ್ಲುವ ನೀರೇ ಹೆಚ್ಚು ಎಂಬ ಮನೆಯವರ ಆಕ್ಷೇಪಣೆ ನ್ಯಾಯವಾದದ್ದೇ.

ಆದರೂ ಮೃದು ನೀರೊಂದೇ ಸಾಲಲಿಲ್ಲ. ಕಷಾಯದಲ್ಲಿರುವ ಪೆಕ್ಟಿನ್ ಎಂಬ ಹಣ್ಣಿನ ಅಂಟು ಮತ್ತು ಬಣ್ಣದ ಕಣಗಳು ಹರಳು ಕಟ್ಟಲು ಅಡ್ಡಿ ಮಾಡುತ್ತವೆ, ಸೋಸುವ ಬಟ್ಟೆಯನ್ನೂ ಲೋಳೆಯಾಗಿ ಮುಚ್ಚಿಬಿಡುತ್ತವೆ. ವೈನರಿಗಳಲ್ಲಿ ವೈನನ್ನು ಹೆಪ್ಪುಗಟ್ಟುವ ಮಟ್ಟದ ಹತ್ತಿರಕ್ಕೆ ತಣಿಸಿ, ನುಣ್ಣನೆಯ ಟಾರ್ಟಾರ್ ಪುಡಿಯನ್ನೇ ಬೀಜವಾಗಿ ಉದುರಿಸಿ ಹರಳನ್ನು ಹೊರಡಿಸುವ ಪದ್ಧತಿಯಿದೆ. ನಾನೂ ಕಷಾಯವನ್ನು ಮೂರನೆಯ ಒಂದು ಪಾಲಿಗೆ ಬತ್ತಿಸಿ, ಅಂಗಡಿಯ ಕ್ರೀಮ್ ಆಫ್ ಟಾರ್ಟಾರ್ ಒಂದು ಚಿಟಿಕೆ ಉದುರಿಸಿ, ಫ್ರಿಜ್ಜಿನಲ್ಲಿಟ್ಟು ಆಗಾಗ ಕಲಕಿದೆ. ಬೆಳಗಾಗುವಷ್ಟರಲ್ಲಿ ತಳ ತುಂಬಿತ್ತು.

ಈ ಹರಳುಗಳನ್ನು ತೆಂಗಿನ ಚಿಪ್ಪಿನ ಸಕ್ರಿಯ ಇದ್ದಿಲಿನೊಡನೆ ಮತ್ತೊಮ್ಮೆ ಕುದಿಸಿ ಬೆಳ್ಳಗೆ ಮಾಡಬೇಕು, ಏಕೆಂದರೆ ಇವು ಹೋಗುವುದು ಕೇಕಿಗಲ್ಲ, ಪಾರದರ್ಶಕ ಹರಳು ಬೆಳೆಸುವುದಕ್ಕೆ. ಮುಂದಿನ ಯೋಜನೆ ರೋಶೆಲ್ ಉಪ್ಪು, ಅಂದರೆ ಪೊಟ್ಯಾಸಿಯಂ ಸೋಡಿಯಂ ಟಾರ್ಟರೇಟ್. ಬಿಸಿನೀರಿನಲ್ಲಿ ಟಾರ್ಟಾರಿಗೆ ವಾಷಿಂಗ್ ಸೋಡಾವನ್ನು ನೊರೆ ನಿಲ್ಲುವ ತನಕ ಸ್ವಲ್ಪಸ್ವಲ್ಪವಾಗಿ ಸೇರಿಸಿ, ಸೋಸಿ, ಅಲುಗಿಸದೆ ಇಟ್ಟರೆ ಬೆರಳುದ್ದದ ಪಾರದರ್ಶಕ ಹರಳು ಬೆಳೆಸಬಹುದು. 1880ರಲ್ಲಿ ಕ್ಯೂರಿ ಸಹೋದರರು ಒತ್ತಡದಿಂದ ವಿದ್ಯುತ್ ಹುಟ್ಟುವುದನ್ನು ತೋರಿಸಿದ ಹರಳುಗಳಲ್ಲಿ ಇದೂ ಒಂದು; ಹಳೆಯ ರೆಕಾರ್ಡ್ ಪ್ಲೇಯರ್‌ಗಳಲ್ಲಿ ಮುಳ್ಳಿನ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್‌ನಲ್ಲಿಯೂ ಇದೇ ಇರುತ್ತಿತ್ತು. ನಮ್ಮ ಬೇಸಿಗೆಯ ಒಣ ಗಾಳಿಗೆ ಅದು ತನ್ನೊಳಗಿನ ನೀರನ್ನು ಬಿಟ್ಟು ಪುಡಿಯಾಗುವ ಅಪಾಯವಿರುವುದರಿಂದ ಹರಳಿಗೆ ವಾರ್ನಿಷ್ ಬಳಿಯಬೇಕಾದೀತು. ಇದೇ ಗುಣದಿಂದ ಸದ್ದು ಮಾಡುವ ಒಂದು ಪಿಯೆಜೊ ಬಜರ್ ಬಿಚ್ಚಿ ಹೋಲಿಸಿ ನೋಡುವ ಆಸೆಯೂ ಇದೆ.

ಕುದಿಸಿ ಉಳಿದ ಚರಟದ ಬೀಜಗಳನ್ನು ಜರಡಿ ಹಿಡಿದು ಒಣಗಿಸಿಟ್ಟಿದ್ದೇನೆ. ಎಣ್ಣೆ ಇದೆ, ಆದರೆ ಇಷ್ಟು ಕಡಿಮೆ ಬೀಜಕ್ಕೆ ಗಾಣದವರು ಒಪ್ಪುತ್ತಿಲ್ಲ. ಸಿಪ್ಪೆ ಸೆಗಣಿಯ ಜೊತೆ ಗೊಬ್ಬರದ ಗುಂಡಿಗೆ ಹೋಯಿತು. ಬಿಳಿ ಪುಡಿಯನ್ನು ಮಾತ್ರ ಎಸೆದಿಲ್ಲ. ಟಾರ್ಟಾರಿಕ್ ಆಮ್ಲದ ಕಾರ್ಖಾನೆಗಳಲ್ಲಿ ಸುಣ್ಣ ಹಾಕಿ ಇದೇ ಕ್ಯಾಲ್ಸಿಯಂ ಟಾರ್ಟರೇಟನ್ನು ಬೇಕೆಂದೇ ಇಳಿಸಿಕೊಂಡು, ಆಮೇಲೆ ಗಂಧಕಾಮ್ಲದಿಂದ ಒಡೆದು, ಜಿಪ್ಸಂ ಬೇರ್ಪಡಿಸಿ ಆಮ್ಲ ಪಡೆಯುತ್ತಾರೆ. ಗಂಧಕಾಮ್ಲವನ್ನು ಅಡುಗೆಮನೆಗೆ ತರುವ ಧೈರ್ಯ ನನಗಿಲ್ಲ, ತಂದರೆ ಒಳಗೆ ಬಿಡುವವರೂ ಇಲ್ಲ. ಸದ್ಯಕ್ಕೆ ಹರಳು ತೆಗೆದ ಮೇಲಿನ ಕೆಂಪು ನೀರನ್ನು ಚೆಲ್ಲದೆ, ಅದರಲ್ಲಿ ಇನ್ನೂ ಕರಗಿರುವ ಟಾರ್ಟಾರ್ ವ್ಯರ್ಥವಾಗದಂತೆ, ಮುಂದಿನ ಹಿಪ್ಪೆಯನ್ನು ಅದರಲ್ಲಿಯೇ ಕುದಿಸಲು ಇಟ್ಟಿದ್ದೇನೆ.