ಪ್ರಾಗ್‌ಗೆ ಹೋಗ್ತೀರಾ? ಮೊದಲು ದುಡ್ಡಿನ ವಿಷಯ ಕೇಳಿ

ಜೆಕ್ ದೇಶದ ರಾಜಧಾನಿ ಪ್ರಾಗ್‌ನಲ್ಲಿ ಓಡುವುದು ಯೂರೋ ಅಲ್ಲ, ಕೊರುನಾ. ನಾನು ಅಮ್ಮನ ಜೊತೆ ಹೋದಾಗ ಒಂದು ಯೂರೋಗೆ ಸುಮಾರು 25 ಕೊರುನಾ ಇತ್ತು. ಹಳೇ ಪಟ್ಟಣದ ಚೌಕದ ಹತ್ತಿರ 'ಕಮಿಷನ್ ಇಲ್ಲ' ಅಂತ ದೊಡ್ಡದಾಗಿ ಬರೆದಿದ್ದ, ಹಣ ಬದಲಾಯಿಸಿಕೊಡುವ ಒಂದು ಅಂಗಡಿಯಲ್ಲಿ 100 ಯೂರೋ ಕೊಟ್ಟೆ. ಕೈಗೆ ಬಂದದ್ದು 1,700 ಕೊರುನಾ. ಕಮಿಷನ್ ಇಲ್ಲ, ಸರಿ. ಆದರೆ ದರದಲ್ಲೇ ಮೂರನೇ ಒಂದು ಭಾಗ ನುಂಗಿದ್ದರು. ಕೇಳಿದರೆ ಗಾಜಿನ ಹಿಂದಿದ್ದವನು ತಲೆ ಎತ್ತಲೇ ಇಲ್ಲ. "ಬಿಡೋ, ಹೋಗ್ಲಿ" ಅಂದರು ಅಮ್ಮ. ನನಗೆ ಹೊಟ್ಟೆ ಉರಿಯುತ್ತಿತ್ತು.

ರೂಮಿಗೆ ಬಂದು ಹೇಳಿದಾಗ ಮನೆಯ ಯಜಮಾನಿ ಮೊದಲು ಕೇಳಿದ್ದು, "ರಸೀದಿ ಇದೆಯಾ?" 2019ರಿಂದ ಅಲ್ಲಿ ಒಂದು ಕಾನೂನಿದೆ. 1,000 ಯೂರೋವರೆಗಿನ ವಹಿವಾಟನ್ನು ಮೂರು ಗಂಟೆಯೊಳಗೆ ರದ್ದು ಮಾಡಿಸಿ ಹಣ ವಾಪಸ್ ಪಡೆಯಬಹುದು. ಓಡಿದೆ. "ನಾಳೆ ಬನ್ನಿ" ಅಂದ. ನಾನು ಕಿಟಕಿ ಬಿಟ್ಟು ಕದಲಲಿಲ್ಲ. ಹಿಂದೆ ಸಾಲು ಬೆಳೆಯುತ್ತಿದ್ದಂತೆ 100 ಯೂರೋ ವಾಪಸ್ ಬಂತು. ಹಾಗಾಗಿ ರಸೀದಿಯನ್ನು ಮಾತ್ರ ಬಿಸಾಡಬೇಡಿ. ಬ್ಯಾಂಕಿಗೆ ಸೇರಿದ ಎಟಿಎಂನಲ್ಲಿ ತೆಗೆಯುವುದೇ ವಾಸಿ. "ರೂಪಾಯಿಯಲ್ಲಿ ಲೆಕ್ಕ ಹಾಕಲಾ?" ಅಂತ ಮಶೀನು ಕೇಳಿದರೆ ಬೇಡ ಅನ್ನಿ, ಕೊರುನಾನೇ ಇರಲಿ.

ಹೆಚ್ಚಿನ ಕಡೆ ಕಾರ್ಡ್ ನಡೆಯುತ್ತದೆ. ಆದರೂ ನಗದು ಸ್ವಲ್ಪ ಇಟ್ಟುಕೊಳ್ಳಿ, ಊಟಕ್ಕೆ ಬೇಕು. ಚೌಕದ ಸುತ್ತ ಕುಳಿತು ತಿನ್ನಬೇಡಿ. ಸಕ್ಕರೆ ಮೆತ್ತಿದ ತ್ರ್ದೆಲ್ನೀಕ್ ಅನ್ನೋ ಸುರುಳಿ ತಿಂಡಿಯನ್ನು ಅಲ್ಲಿನ ಪುರಾತನ ತಿನಿಸು ಅಂತ ಹೇಳಿ ಮಾರುತ್ತಾರೆ. ಊರಿನವರೇ ಅದನ್ನು ಒಪ್ಪುವುದಿಲ್ಲ. ನಾಲ್ಕು ಬೀದಿ ಆಚೆ ನಡೆದು 'ಯೀದೆಲ್ನಾ' ಅನ್ನೋ ಬೋರ್ಡ್ ಹುಡುಕಿ. ನಮ್ಮ ದರ್ಶಿನಿ ತರಹ, ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲೋ ಜಾಗ. ನಮಗೆ ಸಿಕ್ಕಿದ್ದರಲ್ಲಿ ಆಫೀಸಿನವರು, ಪೇಂಟು ಮೆತ್ತಿದ ಬಟ್ಟೆಯ ಕೆಲಸದವರು, ಒಬ್ಬ ಅಜ್ಜಿ, ನಾವು. ಅಲ್ಲಿ 'ಚೋಚ್ಕಾ ನಾ ಕೀಸೆಲೊ' ಕೇಳಿ. ಇಡೀ ಮಸೂರ ಕಾಳನ್ನು ಮೆತ್ತಗೆ ಬೇಯಿಸಿ, ಈರುಳ್ಳಿ, ವಿನೆಗರ್ ಹಾಕಿ ಹುಳಿ ಮಾಡಿರುತ್ತಾರೆ. ಮೇಲೊಂದು ಹುರಿದ ಮೊಟ್ಟೆ, ಪಕ್ಕದಲ್ಲಿ ಉಪ್ಪಿನಕಾಯಿ ಹಾಕಿದ ಸೌತೆ. ಅಮ್ಮ ಮೊಟ್ಟೆ ನನಗೆ ದಾಟಿಸಿ, ಕಾಳನ್ನು ಬ್ರೆಡ್ಡಿನಲ್ಲಿ ಒರೆಸಿಕೊಂಡು ತಿಂದರು. "ನಮ್ಮ ಹುಳಿನೇ ಕಣೋ, ಒಗ್ಗರಣೆ ಒಂದಿಲ್ಲ" ಅಂದರು. ಇಬ್ಬರಿಗೂ ಸೇರಿ 300 ಕೊರುನಾ ದಾಟಲಿಲ್ಲ. ಮೂರು ದಿನ ಅಲ್ಲೇ ಉಂಡೆವು. ಮಾಂಸ ತಿನ್ನದವರು 'ಬೆಜ್ ಮಾಸಾ', ಅಂದರೆ ಮಾಂಸ ಇಲ್ಲದ್ದು, ಅನ್ನೋ ಮಾತು ಕಲಿತು ಹೋಗಿ. ಕಾಳಿಗೂ ಕೆಲವು ಸಲ ಹಂದಿಮಾಂಸದ ಚೂರು ಬೆರೆಸುತ್ತಾರೆ, ಕೇಳಿಯೇ ಹಾಕಿಸಿಕೊಳ್ಳಿ. ಮಧ್ಯಾಹ್ನ ಎರಡರೊಳಗೆ ಹೋಗಿ, ಆಮೇಲೆ ಪಾತ್ರೆ ಖಾಲಿ.

ಕೋಟೆಗೆ ಬೆಟ್ಟ ಹತ್ತಬೇಡಿ, 22ನೇ ನಂಬರ್ ಟ್ರಾಮ್ ಮೇಲೆ ಬಿಡುತ್ತದೆ. ಕಾಗದದ ಟಿಕೆಟ್ ಆದರೆ ಹಳದಿ ಪೆಟ್ಟಿಗೆಯಲ್ಲಿ ತೂರಿಸಿ ಮುದ್ರೆ ಒತ್ತಿಸಲೇಬೇಕು, ಇಲ್ಲದಿದ್ದರೆ ದಂಡ. ಕೋಟೆಯೊಳಗಿನ ಸೇಂಟ್ ವಿಟಸ್ ಚರ್ಚು 1344ರಲ್ಲಿ ಶುರುವಾಗಿ 1929ರಲ್ಲಿ ಮುಗಿದದ್ದು. ಆದರೆ ಹತ್ತು ಗಂಟೆಯ ನೂಕುನುಗ್ಗಲಿನಲ್ಲಿ ನನಗೆ ಕಂಡದ್ದು ಜನರ ಫೋನುಗಳೇ. ಹಳೇ ಪಟ್ಟಣದ ಚೌಕದಲ್ಲಿರೋ ಗಡಿಯಾರದ ಗೋಪುರದ ಕೆಳಗೂ ಅದೇ ಕಥೆ.

ಚಾರ್ಲ್ಸ್ ಸೇತುವೆಗೆ ಮಾತ್ರ ಬೆಳಗ್ಗೆ ಆರಕ್ಕೇ ಹೋಗಿ. 1357ರಲ್ಲಿ ಕಟ್ಟಲು ಶುರುಮಾಡಿದ ಕಲ್ಲಿನ ಸೇತುವೆ, ಎರಡೂ ಬದಿಗೆ ಸೇರಿ 30 ಮೂರ್ತಿಗಳ ಗುಂಪು. ಮಸಿ ಹಿಡಿದ ಕಲ್ಲಿನ ಮೇಲೆ ಬಿಸಿಲು ಬೀಳುವ ಹೊತ್ತಿಗೆ ನಾವಿಬ್ಬರು, ಒಬ್ಬ ಕಸ ಗುಡಿಸುವವರು, ಅಷ್ಟೇ. 1393ರಲ್ಲಿ ರಾಜನ ಅಪ್ಪಣೆಯಂತೆ ನದಿಗೆ ಎಸೆಯಲ್ಪಟ್ಟ ಪಾದ್ರಿ ನೆಪೊಮುಕ್ ಅವರ ಮೂರ್ತಿ ಅಲ್ಲಿದೆ. ಅದರ ಕೆಳಗಿನ ಕಂಚಿನ ಫಲಕ ಪೂರ್ತಿ ಕಪ್ಪು, ಜನ ಮುಟ್ಟಿ ಮುಟ್ಟಿ ಒಂದೊಂದು ಜಾಗ ಮಾತ್ರ ಚಿನ್ನದ ಹಾಗೆ ಹೊಳೆಯುತ್ತದೆ. ಅಮ್ಮ ಅಲ್ಲಿ ಕೈಯಿಟ್ಟು ಕಣ್ಣಿಗೊತ್ತಿಕೊಂಡರು. ಎಂಟಕ್ಕೆ ಗುಂಪುಗಳು ಬರತೊಡಗುತ್ತವೆ. ಆಗ ಪಕ್ಕದ ಮೆಟ್ಟಿಲಲ್ಲಿ ಕಾಂಪಾ ದ್ವೀಪಕ್ಕೆ ಇಳಿಯಿರಿ, ಮರದ ಕೆಳಗೆ ಬೆಂಚುಗಳಿವೆ. ಕಲ್ಲು ಹಾಸಿನ ಮೇಲೆ ನಡೆದ ಮಂಡಿಗೆ ಅದು ಬೇಕೇ ಬೇಕು.