ಲಿನೋ ಕಾಯುತ್ತೆ, ಜಲವರ್ಣ ಕಾಯಲ್ಲ

ಜಲವರ್ಣ ಬಿಟ್ಟು, ಲಿನೋಲಿಯಂ ಹಾಳೆಯಲ್ಲಿ ಚಿತ್ರ ಕೆತ್ತಿ, ಶಾಯಿ ಹಚ್ಚಿ ಕಾಗದಕ್ಕೆ ಒತ್ತುವ ಲಿನೋಕಟ್‌ಗೆ ಯಾಕೆ ಬಂದಿರಿ ಅಂತ ಯಾರಾದರೂ ಕೇಳಿದರೆ ಮೊದಮೊದಲು ದೊಡ್ಡ ದೊಡ್ಡ ಮಾತಾಡುತ್ತಿದ್ದೆ. ಕಪ್ಪು ಬಿಳುಪಿನ ಬಿಗಿ, ಗೆರೆಯ ನಿಷ್ಠುರತೆ, ಹೀಗೇ ಏನೇನೋ. ಅದೆಲ್ಲ ಆಮೇಲೆ ಹೊಳೆದದ್ದು. ನಿಜವಾದ ಕಾರಣ ಇಷ್ಟೇ: ಮಗಳಿಗೆ ಆಗ ಎರಡು ವರ್ಷ.

ಒಂದು ಭಾನುವಾರ ಆಕಾಶ ಬರೆಯುತ್ತಿದ್ದೆ. ಹಲಗೆಯನ್ನು ತುಸು ವಾಲಿಸಿ, ಮೇಲಿನಿಂದ ಕೆಳಕ್ಕೆ ಒಂದೇ ಹದದ ನೀಲಿ ಇಳಿಸುವುದು. ಕುಂಚದ ಕೆಳಗೆ ಬಣ್ಣದ ನೀರು ಮಣಿಯ ಹಾಗೆ ಸಾಲುಗಟ್ಟಿ ನಿಂತಿರುತ್ತದೆ. ಅದನ್ನು ನಿಲ್ಲಿಸದೆ ಎಳೆದುಕೊಂಡು ಬರಬೇಕು. ಅರ್ಧ ಆಕಾಶ ಆಗಿತ್ತು, ಬಚ್ಚಲಿನಿಂದ ‘ಅಮ್ಮಾ, ಆಯ್ತು’ ಅಂತ ಕೂಗು ಬಂತು. ನಾಲ್ಕೇ ನಿಮಿಷ. ವಾಪಸ್ ಬಂದಾಗ ಕಾಗದ ಹಸಿಯೂ ಅಲ್ಲ, ಒಣಗಿಯೂ ಇಲ್ಲ. ಏನೂ ಆಗಿಲ್ಲವೆಂಬಂತೆ ಕುಂಚ ಇಟ್ಟೆ. ಅರೆ ಒಣಗಿದ ಬಣ್ಣಕ್ಕೆ ಹೊಸ ನೀರು ಸೇರಿದರೆ ಅದು ಬಣ್ಣದ ಕಣಗಳನ್ನು ತಳ್ಳಿಕೊಂಡು ಹೋಗಿ ಅಂಚಿನಲ್ಲಿ ಗುಡ್ಡೆ ಹಾಕುತ್ತದೆ. ಆಕಾಶದ ನಟ್ಟನಡುವೆ ಅಂಚು ಹರಿದ ದೊಡ್ಡ ಕಲೆ. ನೂರು ಪ್ರತಿಶತ ಹತ್ತಿಯ, 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕಾಗದ ಅದು. ಮಗಳ ಮೇಲೆ ರೇಗಿದೆ. ಆಮೇಲೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ಅವಳು ಮಾಡಿದ ತಪ್ಪಾದರೂ ಏನು?

ಅದಾಗಿ ಕೆಲವು ತಿಂಗಳಿಗೆ ಗೆಳತಿಯೊಬ್ಬಳು ತನಗೆ ಬೇಡವಾದ ಲಿನೋ ತುಂಡು, ನಾಲ್ಕು ಉಳಿ ಕೊಟ್ಟಳು. ಗೆರೆಯೊಂದನ್ನು ಅರ್ಧ ಕೆತ್ತಿ ಎದ್ದು ಹೋದೆ. ಮೂರು ದಿನ ಆ ಕಡೆ ತಲೆ ಹಾಕಲಾಗಲಿಲ್ಲ. ಮತ್ತೆ ಬಂದು ನೋಡಿದರೆ ಗೆರೆ ಅಲ್ಲೇ, ಅಷ್ಟಕ್ಕೇ ನಿಂತಿತ್ತು. ಉಳಿಯ ತುದಿಯನ್ನು ಅದೇ ಕಾಲುವೆಯಲ್ಲಿಟ್ಟು ಮುಂದೆ ತಳ್ಳಿದೆ. ಎಲ್ಲಿ ನಿಲ್ಲಿಸಿದ್ದೆ ಅಂತ ಗೊತ್ತೇ ಆಗಲಿಲ್ಲ. ಅವತ್ತೇ ನಿರ್ಧಾರ ಆಗಿಹೋಯಿತು.

ಲಿನೋಲಿಯಂ ಅಸಲಿಗೆ ನೆಲಕ್ಕೆ ಹಾಸುವ ಹಾಸು. 1860ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ವಾಲ್ಟನ್ ಎಂಬಾತ ಮಾಡಿದ್ದು. ಗಾಳಿಗೆ ಗಟ್ಟಿಯಾಗುವ ಅಗಸೆ ಎಣ್ಣೆಗೆ ಕಾರ್ಕ್ ಪುಡಿ, ರಾಳ ಸೇರಿಸಿ ಸೆಣಬಿನ ಬಟ್ಟೆಯ ಮೇಲೆ ಒತ್ತಿದರೆ ಲಿನೋಲಿಯಂ. ಮನೆಮಂದಿಯೆಲ್ಲ ತುಳಿದಾಡಲೆಂದೇ ಹುಟ್ಟಿದ ವಸ್ತು, ಮನೆಯ ಗದ್ದಲಕ್ಕೆ ಹೊಂದಿಕೊಂಡರೆ ಆಶ್ಚರ್ಯವೇನಿಲ್ಲ. ಚಳಿಗೆ ಕಲ್ಲಿನಂತಾಗುತ್ತದೆ, ಬಿಸಿ ತಾಗಿದರೆ ಮೆತ್ತಗಾಗುತ್ತದೆ. ಕೆಲವರು ಇಸ್ತ್ರಿ ಪೆಟ್ಟಿಗೆ ಆಡಿಸುತ್ತಾರೆ. ನಾನು ಲಿನೋ ಮೇಲೆ ಕೂತು ಫೋನಿನಲ್ಲಿ ಮಾತಾಡುತ್ತೇನೆ. ಅತ್ತೆ ಒಮ್ಮೆ ಇದನ್ನು ನೋಡಿ ಏನೂ ಕೇಳದೆ ಒಳಗೆ ಹೋದರು.

ನಾನು ಹಗಲು ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಹಾಗಾಗಿ ಕಲೆ, ಸಂಸಾರ, ಕೆಲಸ ಹೇಗೆ ಸರಿದೂಗಿಸುತ್ತೀರಿ ಅಂತ ಯಾರಾದರೂ ಕೇಳಿದರೆ ತಕ್ಕಡಿಯೇ ಕಣ್ಣಮುಂದೆ ಬರುತ್ತದೆ. ಆ ಚಿತ್ರ ನನ್ನ ಬದುಕಿಗೆ ಕೂರುವುದೇ ಇಲ್ಲ. ಎಷ್ಟು ಗಂಟೆ ಸಿಗುತ್ತದೆ ಎನ್ನುವುದಕ್ಕಿಂತ ಎಂಥ ಗಂಟೆ ಎನ್ನುವುದೇ ಮುಖ್ಯ ಅಂತ ಗೊತ್ತಾಗಲು ಐದು ವರ್ಷ ಹಿಡಿಯಿತು. ಕೆತ್ತುವುದಕ್ಕೆ ಚೂರುಪಾರು ಸಮಯ ಸಾಕು. ಮಗಳ ಮಗ್ಗಿ ಒಪ್ಪಿಸಿಕೊಳ್ಳುತ್ತಲೇ ಹಿನ್ನೆಲೆಯ ಜಾಗ ಕೆತ್ತಿ ತೆಗೆಯಬಹುದು. (ಮುಖ, ಕೈಬೆರಳು ಕೆತ್ತುವಾಗ ಮಾತ್ರ ಮಗ್ಗಿ ಬೇಡ. ಏಳೆಂಟಲಕ್ಕೆ ಐವತ್ನಾಲ್ಕು ಅಂದರೂ ಹೂಂ ಅಂದುಬಿಟ್ಟಿದ್ದೇನೆ.) ಅಚ್ಚು ಹಾಕುವುದು ಪೂರ್ತಿ ಬೇರೆ ಜಾತಿಯ ಕೆಲಸ. ಗಾಜಿನ ಮೇಲೆ ಶಾಯಿ ಹರಡಿ ರೋಲರ್ ಉರುಳಿಸಬೇಕು. ಶಾಯಿ ದಪ್ಪವಿದ್ದರೆ ರೋಲರ್ ಪಚಪಚ ಅನ್ನುತ್ತದೆ, ಹದಕ್ಕೆ ಬಂದಾಗ ಸಣ್ಣಗೆ ಸುಂಯ್ ಅನ್ನುತ್ತದೆ. ಆ ಸದ್ದು ಕೇಳಲು ಮನೆ ನಿಶ್ಶಬ್ದವಾಗಿರಬೇಕು. ಎರಡೂ ಕೈ ಕಪ್ಪು. ಫೋನ್ ಮುಟ್ಟುವ ಹಾಗಿಲ್ಲ, ಬಾಗಿಲು ತೆಗೆಯುವ ಹಾಗಿಲ್ಲ. ಪ್ರೆಸ್ ಇಲ್ಲದ್ದರಿಂದ ಪ್ರತಿ ಹಾಳೆಯನ್ನೂ ಮರದ ಸೌಟಿನ ಬೆನ್ನಿನಿಂದ ಉಜ್ಜುತ್ತೇನೆ, ಒಂದಕ್ಕೆ ಹತ್ತು ಹನ್ನೆರಡು ನಿಮಿಷ. ನಡುವೆ ಎದ್ದರೆ ಹಾಳೆ ಜರುಗುತ್ತದೆ. ಅದಕ್ಕೇ ಅಚ್ಚಿನ ಕೆಲಸ ಭಾನುವಾರ ಬೆಳಿಗ್ಗೆ ಐದರಿಂದ ಎಂಟರವರೆಗೆ ಮಾತ್ರ. ಎಂಟಕ್ಕೆ ಮನೆ ಏಳುತ್ತದೆ.

ಮುದ್ರಿಸಿದ್ದೆಲ್ಲ ಒಣಗಬೇಕು. ಎಣ್ಣೆ ಶಾಯಿಗೆ ಹಲವು ದಿನ ಬೇಕು, ಗಾಳಿಯಲ್ಲಿ ತೇವ ಇದ್ದರೆ ಇನ್ನೂ ಹೆಚ್ಚು. ಬಟ್ಟೆ ಒಣಗಿಸುವ ಹಗ್ಗದ ಅರ್ಧ ನನ್ನದು, ಅರ್ಧ ಮನೆಯದು. ಯಜಮಾನರ ಶರ್ಟು, ಅದರ ಪಕ್ಕ ಗೂಬೆ, ಗೂಬೆಯ ಪಕ್ಕ ಕಾಲುಚೀಲ.

ಇಷ್ಟು ಹೇಳಿದ ಮೇಲೆ ಮಾರಾಟದ ವಿಷಯಕ್ಕೆ ಬರಲೇಬೇಕು. ಜನ ತಿಳಿದಿರುವುದು ಕಲಾವಿದರಿಗೆ ಮಾರುವುದು ಬರುವುದಿಲ್ಲ ಅಂತ. ನನಗೆ ಬರುತ್ತದೆ. ಆದರೆ ಅದು ಯಾವ ಗಂಟೆಯನ್ನಾದರೂ ತಿನ್ನುತ್ತದೆ, ತೊಂದರೆ ಅದು. ಹೋದ ವರ್ಷ ಒಂದು ತಿಂಗಳು ಕಚೇರಿಯ ಅಭ್ಯಾಸದಂತೆ ಸಮಯದ ಲೆಕ್ಕ ಬರೆದಿಟ್ಟೆ. ಒಟ್ಟು 41 ಗಂಟೆ. ಚಿತ್ರ ಯೋಚಿಸಿ, ಕೆತ್ತಿ, ಮುದ್ರಿಸಿದ್ದು 15. ಉಳಿದ 26ರಲ್ಲಿ ಫೋಟೋ ತೆಗೆದದ್ದು, ‘ಇದು ಇನ್ನೂ ದೊಡ್ಡ ಸೈಜಲ್ಲಿ ಸಿಗುತ್ತಾ ಮೇಡಂ’ ಎಂಬುದಕ್ಕೆ ಉತ್ತರಿಸಿದ್ದು, ರಟ್ಟು ಕತ್ತರಿಸಿದ್ದು, ಪಾರ್ಸೆಲ್ ಕಟ್ಟಿದ್ದು, ಮಡಚಿಕೊಂಡು ವಾಪಸ್ ಬಂದ ಒಂದು ಪಾರ್ಸೆಲ್ಲಿಗಾಗಿ ಜಗಳವಾಡಿದ್ದು. ಜಗಳವೊಂದಕ್ಕೇ ಎರಡೂವರೆ ಗಂಟೆ ಹಾಕಿದ್ದೇನೆ. ಅದಾದ ಮೇಲೆ ಕೊಳವೆಯಲ್ಲಿ ಸುತ್ತಿ ಕಳಿಸುವುದನ್ನೇ ಬಿಟ್ಟೆ. ಎರಡು ಗಟ್ಟಿ ರಟ್ಟಿನ ನಡುವೆ, ಒಂದರ ಉಬ್ಬುಗೆರೆ ಅಡ್ಡ, ಇನ್ನೊಂದರದು ಉದ್ದ ಬರುವಂತೆ ಇಟ್ಟು ಕಟ್ಟಿದರೆ ಮಡಚುವುದು ಕಷ್ಟ.

ಲೆಕ್ಕ ನೋಡಿ ಮೊದಲು ಎದೆ ಧಸಕ್ಕೆಂದಿತು. ಆಮೇಲೆ ಡ್ಯೂರರ್ ನೆನಪಾದ. ಆಲ್ಬ್ರೆಕ್ಟ್ ಡ್ಯೂರರ್, 1471ರಿಂದ 1528ರವರೆಗೆ ಬದುಕಿದ ಜರ್ಮನ್ ಕಲಾವಿದ. ಮರದಚ್ಚು, ತಾಮ್ರದಚ್ಚಿನಲ್ಲಿ ಅವನ ಸಮಕ್ಕೆ ನಿಲ್ಲುವವರು ಕಡಿಮೆ. ಅವನ ಮುದ್ರಣಗಳನ್ನು ಜಾತ್ರೆ, ಸಂತೆಗಳಿಗೆ ಹೊತ್ತೊಯ್ದು ಮಾರುತ್ತಿದ್ದವರಲ್ಲಿ ಅವನ ಹೆಂಡತಿ ಆಗ್ನೆಸ್ ಇದ್ದಳು, ತಾಯಿಯೂ ಇದ್ದಳು. ಅಂದರೆ ಆ 26 ಗಂಟೆಯ ದೊಡ್ಡ ಪಾಲು ಬೇರೆಯವರ ಹೆಗಲ ಮೇಲಿತ್ತು. ನಮ್ಮನೆಯಲ್ಲಿ ಡ್ಯೂರರೂ ನಾನೇ, ಆಗ್ನೆಸಳೂ ನಾನೇ. ಸಾಲದ್ದಕ್ಕೆ ಆ ತಾಯಿಯೂ. ಆದರೆ ಅವನೂ ಸುಮ್ಮನೆ ಕೂತವನಲ್ಲ. 1520–21ರಲ್ಲಿ ಆಗ್ನೆಸಳನ್ನೂ ಕರೆದುಕೊಂಡು ನೆದರ್ಲೆಂಡ್ಸಿಗೆ ಹೋದಾಗ ಅವನು ಬರೆದ ದಿನಚರಿ ಬಹುಪಾಲು ಜಮಾಖರ್ಚಿನ ಪುಸ್ತಕವೇ. ಯಾವ ಮುದ್ರಣ ಎಷ್ಟಕ್ಕೆ ಹೋಯಿತು, ಯಾರಿಗೆ ಉಡುಗೊರೆ ಕೊಟ್ಟೆ, ಬದಲಿಗೆ ಏನು ಸಿಕ್ಕಿತು, ಜೂಜಿನಲ್ಲಿ ಎಷ್ಟು ಸೋತೆ. ನನ್ನಂಥ ಲೆಕ್ಕದವಳಿಗೆ ಅದು ತಿಳಿದು ಆದ ಸಮಾಧಾನ ಅಷ್ಟಿಷ್ಟಲ್ಲ. ಹಣದ ಲೆಕ್ಕ ಇಟ್ಟರೆ ಕಲೆ ಮೈಲಿಗೆಯಾಗುತ್ತದೆ ಅನ್ನುವವರನ್ನು ಅವತ್ತಿನಿಂದ ನಾನು ತಲೆಗೆ ಹಚ್ಚಿಕೊಂಡಿಲ್ಲ.

ಹಣದ ಮಾತಿಗೂ ಅದರದೇ ಹೊತ್ತು ಬೇಕು. ಒಮ್ಮೆ ರಾತ್ರಿ ಹನ್ನೊಂದಕ್ಕೆ ಒಬ್ಬರು ಮೂರು ಪ್ರತಿ ಕೇಳಿ, ‘ಸ್ವಲ್ಪ ನೋಡಿ ಮಾಡಿ ಮೇಡಂ’ ಅಂತ ಬರೆದರು. ನಿದ್ದೆಗಣ್ಣಲ್ಲಿ ಮೂರನೇ ಒಂದು ಭಾಗ ಇಳಿಸಿದೆ. ಅವರು ಮತ್ತೆ ಕೇಳುವ ಮೊದಲೇ ಫ್ರೇಮನ್ನೂ ನಾನೇ ಹಾಕಿಸಿಕೊಡುತ್ತೇನೆ ಅಂದೆ. ಬೆಳಿಗ್ಗೆ ಎದ್ದು ನೋಡಿದರೆ ಕಾಗದ, ಶಾಯಿ, ಫ್ರೇಮು ಕಳೆದು ನನಗೆ ಉಳಿಯುವುದು ಸೊನ್ನೆಗಿಂತ ಕೆಳಗೆ. ಕೊಟ್ಟ ಮಾತು ಉಳಿಸಿಕೊಂಡೆ, ಅದು ಬೇರೆ ವಿಷಯ. ಈಗ ದುಡ್ಡಿನ ಪ್ರಶ್ನೆ ಎಷ್ಟು ಹೊತ್ತಿಗೇ ಬರಲಿ, ಉತ್ತರ ಮಾರನೇ ದಿನ ಕಚೇರಿಯ ಊಟದ ಬಿಡುವಿನಲ್ಲಿ. ಆ ಹೊತ್ತಿಗೆ ತಲೆ ಹೇಗೂ ಅಂಕಿಗಳಲ್ಲೇ ಇರುತ್ತದೆ, ದಾಕ್ಷಿಣ್ಯ ಇನ್ನೂ ಎದ್ದಿರುವುದಿಲ್ಲ.

ಸಂಬಂಧಿಕರ ವಿಷಯಕ್ಕೆ ಇನ್ನೂ ಮದ್ದು ಸಿಕ್ಕಿಲ್ಲ. ‘ಅಕ್ಕಾ, ನಿಂದು ಹೇಗೂ ಒಂದು ಅಚ್ಚು ಇರತ್ತಲ್ಲ, ನಮಗೂ ಒಂದು ಒತ್ತಿಬಿಡು’ ಅನ್ನುತ್ತಾರೆ. ಆ ಮಾತಿಗೆ ಕೋಪ ಬರುವುದು ಅರ್ಧ ಸತ್ಯ ಅದರಲ್ಲಿರುವುದರಿಂದ. ಅಚ್ಚು ಇರುತ್ತದೆ, ಒತ್ತಬಹುದು, ನಿಜ.

ಆ ಅರ್ಧ ಸತ್ಯವೇ ನನ್ನನ್ನು ಸರಿಯಾಗಿ ಕಾಡಿದ್ದು ಗೂಬೆಯ ವಿಷಯದಲ್ಲಿ. ಮೂವತ್ತು ಪ್ರತಿಯ ಆವೃತ್ತಿ, ಅಂದರೆ ಮೂವತ್ತಕ್ಕಿಂತ ಹೆಚ್ಚು ಒತ್ತುವುದಿಲ್ಲ ಅಂತ ಘೋಷಿಸಿದ್ದೆ. ಚಿತ್ರದ ಕೆಳಗೆ ಪೆನ್ಸಿಲಿನಲ್ಲಿ ಎಡಕ್ಕೆ 1/30, 2/30 ಎಂದು ಸಂಖ್ಯೆ, ನಡುವೆ ಶೀರ್ಷಿಕೆ, ಬಲಕ್ಕೆ ಸಹಿ. ಪೆನ್ಸಿಲೇ ಯಾಕೆಂದರೆ ಗ್ರಾಫೈಟ್ ಬೆಳಕಿಗೆ ಮಾಸುವುದಿಲ್ಲ. ಮೂವತ್ತೂ ಎರಡು ತಿಂಗಳಲ್ಲಿ ಹೋದವು. ಹಿಂದೆ ಹೀಗೆ ಯಾವತ್ತೂ ಆಗಿರಲಿಲ್ಲ. ಕೇಳುವವರು ನಿಲ್ಲಲಿಲ್ಲ. ಅಚ್ಚು ಕಪಾಟಿನಲ್ಲೇ ಇತ್ತು, ಮಗಳ ಶಾಲೆಯ ಶುಲ್ಕ ಕಟ್ಟುವ ದಿನವೂ ಹತ್ತಿರದಲ್ಲೇ ಇತ್ತು. ಇನ್ನೂ ಮೂವತ್ತು ಒತ್ತಿದರೆ ಕೇಳುವವರು ಯಾರು? ಯಾರೂ ಇಲ್ಲ. ಎರಡು ವಾರ ಆ ಕಪಾಟಿನ ಬಾಗಿಲು ತೆಗೆಯುವುದು, ಹಾಕುವುದು ಮಾಡಿದೆ. ಕೊನೆಗೆ ಒಂದು ಸಂಜೆ ಅಚ್ಚನ್ನು ಮೇಜಿನ ಮೇಲಿಟ್ಟು ಅಗಲದ ಉಳಿಯಿಂದ ಮೂಲೆಯಿಂದ ಮೂಲೆಗೆ ಒಂದೇ ಗೆರೆ ಹೊಡೆದೆ. ಆವೃತ್ತಿ ಮುಗಿದ ಅಚ್ಚನ್ನು ಹಾಗೆ ರದ್ದು ಮಾಡುವ ಪದ್ಧತಿ ಮುದ್ರಣ ಕಲೆಯಲ್ಲಿ ಹಳೆಯದು. ಗೆರೆ ಬಲಗಣ್ಣಿನ ಮೇಲೇ ಹಾದುಹೋಯಿತು. ಶುಲ್ಕವನ್ನು ಸಂಬಳದಲ್ಲೇ ಕಟ್ಟಿದೆವು, ಆ ತಿಂಗಳು ಎಲ್ಲರಿಗೂ ಬಿಗಿಯಾಯಿತು. ಯಜಮಾನರು ಒಂದೇ ಒಂದು ಸಲ ‘ಹತ್ತು ಒತ್ತಿ ಗೆರೆ ಹೊಡೀಬಹುದಿತ್ತು’ ಅಂದರು. ತಮಾಷೆಗೆ ಅಂದದ್ದೋ ಅಲ್ಲವೋ ಇವತ್ತಿಗೂ ಕೇಳಿಲ್ಲ.

ಹಾಗಂತ ಮಾರುಕಟ್ಟೆ ನೋಡಿ ಚಿತ್ರ ಮಾಡಿಯೇ ಇಲ್ಲ ಅಂತಲ್ಲ. ಗೂಬೆಯ ಹಿಂದೆಯೇ ಐದು ಹಕ್ಕಿ ಮಾಡಿದೆ. ಮೂರು ಚೆನ್ನಾಗಿವೆ, ಒಂದು ಪರವಾಗಿಲ್ಲ, ಐದನೆಯದನ್ನು ನೋಡಲಾರೆ. ಅತಿ ಹೆಚ್ಚು ಹೋದದ್ದು ಐದನೆಯದೇ.

ಕೊನೆಗೆ ನನ್ನದೇ ಅವಿವೇಕದ ಒಂದು ಕಥೆ. ಪುಸ್ತಕದ ಒಳರಟ್ಟಿಗೆ ಅಂಟಿಸಲು ಹೆಸರಿನ ಚೀಟಿ ಬೇಕೆಂದು ಒಬ್ಬರು ಹೇಳಿಸಿದ್ದರು. ಹೆಸರು ಕನ್ನಡದಲ್ಲಿ. ಲಿನೋದಲ್ಲಿ ಅಕ್ಷರವನ್ನು ಕನ್ನಡಿಯಲ್ಲಿ ಕಾಣುವ ಹಾಗೆ ಉಲ್ಟಾ ಕೆತ್ತಬೇಕು, ಮೊದಲ ವಾರ ಕಲಿಯುವ ಪಾಠ ಇದು. ಆ ವಾರ ಮಗಳಿಗೆ ಜ್ವರ, ಕಚೇರಿಯಲ್ಲಿ ವರ್ಷಾಂತ್ಯದ ಲೆಕ್ಕ. ರಾತ್ರಿ ಒಂದಕ್ಕೆ ಕೂತು ಹೆಸರನ್ನು ನೇರವಾಗಿ, ಮುದ್ದಾಗಿ ಕೆತ್ತಿದೆ. ಕನ್ನಡದ ಗ, ಠ ಮೋಸ ಮಾಡುತ್ತವೆ, ಕನ್ನಡಿಯಲ್ಲೂ ಹೆಚ್ಚುಕಮ್ಮಿ ಹಾಗೇ ಕಾಣುತ್ತವೆ. ಮೊದಲ ಅಕ್ಷರ ಗ. ಮೊದಲ ಪ್ರತಿ ಎತ್ತಿದಾಗ ಗ ಸರಿಯಾಗಿತ್ತು, ಖುಷಿಯಾಯಿತು. ಮುಂದಿನ ಸ ತನ್ನ ಕೊಕ್ಕೆಯನ್ನು ಎಡಕ್ಕೆ ಚಾಚಿಕೊಂಡು ನಿಂತಿತ್ತು. ಕೊಡಬೇಕಾದ್ದು ಮರುದಿನ. ಇದ್ದದ್ದನ್ನು ಇದ್ದ ಹಾಗೆ ಬರೆದು, ಒಂದು ವಾರ ಹೆಚ್ಚು ಕೇಳಿದೆ. ಅವರು ನಕ್ಕು, ಆ ಉಲ್ಟಾ ಪ್ರತಿಯನ್ನೂ ದುಡ್ಡು ಕೊಟ್ಟು ತೆಗೆದುಕೊಂಡರು. ನಾನೇನೋ ಪಾರಾದೆ. ಆದರೆ ಜ್ವರದ ಮಗುವಿನ ಪಕ್ಕ ಇರಬೇಕಾದ ರಾತ್ರಿ ಮೇಜಿನ ಮುಂದೆ ಕೂತಿದ್ದೆ ಎನ್ನುವುದು ಯಾವ ಗ್ರಾಹಕರ ನಗುವಿನಿಂದಲೂ ತೊಳೆದುಹೋಗಿಲ್ಲ. ಈಗ ಯಾರಿಗೂ ಇಂಥ ತಾರೀಕಿಗೆ ಕೊಡುತ್ತೇನೆ ಅನ್ನುವುದಿಲ್ಲ, ಇಂಥ ತಿಂಗಳು ಅನ್ನುತ್ತೇನೆ. ಅದಕ್ಕೆ ಒಪ್ಪದ ಇಬ್ಬರು ಬೇರೆಯವರ ಬಳಿ ಹೋದರು.

ಸದ್ಯ ಮೂರು ಬಣ್ಣದ ಒಂದು ಚಿತ್ರ ನಡೆದಿದೆ. ಒಂದೇ ಅಚ್ಚು: ಸ್ವಲ್ಪ ಕೆತ್ತಿ ಹಳದಿ ಒತ್ತುವುದು, ಅದನ್ನೇ ಇನ್ನಷ್ಟು ಕೆತ್ತಿ ಹಳದಿಯ ಮೇಲೆ ಹಸಿರು, ಮತ್ತಷ್ಟು ಕೆತ್ತಿ ಕಪ್ಪು. ಕೆತ್ತಿ ತೆಗೆದದ್ದು ಹೋಯಿತು, ಮತ್ತೆ ಹಳದಿಗೆ ಹಿಂದಿರುಗುವಂತಿಲ್ಲ. ಆದ್ದರಿಂದ ಎಷ್ಟು ಪ್ರತಿ ಬೇಕೆಂದು ಮೊದಲ ದಿನವೇ ತೀರ್ಮಾನಿಸಬೇಕು. ಹದಿನೆಂಟು ಅಂದುಕೊಂಡಿದ್ದೆ. ಹಸಿರಿಗೆ ಬರುವಷ್ಟರಲ್ಲಿ ನಾಲ್ಕು ಹಾಳಾಗಿವೆ, ಹದಿನಾಲ್ಕು ಹಗ್ಗದ ಮೇಲಿವೆ. ನಿನ್ನೆ ಮಗಳ ಸಮವಸ್ತ್ರದ ಕಾಲರಿಗೆ ಅದರ ಹಸಿರು ತಗುಲಿತು. ಸೀಮೆಎಣ್ಣೆ, ಸೋಪು, ನಿಂಬೆಹುಳಿ ಯಾವುದಕ್ಕೂ ಹೋಗಲಿಲ್ಲ. ಅವಳು ಕನ್ನಡಿಯ ಮುಂದೆ ಕಾಲರನ್ನು ಮಡಚಿ ನೋಡಿ, ಬಿಚ್ಚಿ ನೋಡಿ, ‘ಇರಲಿ ಬಿಡಮ್ಮ, ಜಡೆ ಈ ಕಡೆ ಹಾಕ್ಕೋತೀನಿ’ ಅಂದಳು. ಭಾನುವಾರ ಕಪ್ಪು ಒತ್ತಬೇಕು. ಅಷ್ಟರಲ್ಲಿ ಹಗ್ಗ ಇನ್ನೊಂದು ಕಟ್ಟಿಸಬೇಕು.