ಪಿರಮಿಡ್‌ನಲ್ಲಿ ಕೆಳಗೆ ನಿಂತವಳ ಬೆನ್ನು

ಚಿಯರ್ ಲೀಡಿಂಗ್ ಐಟಂ ಅಂದ ಕೂಡಲೇ ಎಲ್ಲರ ಕಣ್ಣು ಮೇಲೆ ಹತ್ತಿದ ಹುಡುಗಿಯ ಮೇಲೆ ಹೋಗುತ್ತದೆ. ಅವಳು ಬಿದ್ದರೆ ಏನು ಗತಿ ಅಂತ ಭಯ. ಭಯ ಪಡಬೇಕಾದದ್ದೇ. ಆದರೆ ತೀರ್ಥಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಪೀಟಿ ಟೀಚರ್ ಆಗಿರುವ ನಾನು ಕಳೆದ ಮಳೆಗಾಲದಲ್ಲಿ ನೋಡಿದ್ದು ಬೇರೆ. ಅಲ್ಲಿ ಯಾರೂ ಬೀಳಲೇ ಇಲ್ಲ. ಬೆನ್ನು ಕೆಟ್ಟಿದ್ದು ಕೆಳಗೆ ನಿಂತು ಹೊತ್ತವಳದ್ದು.

ಆಗಸ್ಟ್ 15ರ ಡಿಸ್‌ಪ್ಲೇಗೆ ನಾವು ಲೆಜಿಮ್ಸ್ ಅಥವಾ ಡಂಬೆಲ್ಸ್ ಮಾಡಿಸುತ್ತಿದ್ದೆವು. ಆ ಸಲ ಮ್ಯಾನೇಜ್‌ಮೆಂಟಿನವರು ಚಿಯರ್ ಲೀಡಿಂಗ್ ಬೇಕು ಅಂದರು. ಐಪಿಎಲ್ ನೋಡಿ ಬೆಳೆದ ಮಕ್ಕಳು, ಖುಷಿಯಿಂದ ಕುಣಿದಾಡಿದರು. ಶಿವಮೊಗ್ಗದಿಂದ ಒಬ್ಬ ಡಾನ್ಸ್ ಮಾಸ್ಟರ್ ಬಂದರು. ಪಾಂಪಾಮ್ ಹಿಡಿದು ಕುಣಿಯುವುದಷ್ಟೇ ಆಗಿದ್ದರೆ ನನಗೆ ಏನೂ ತಕರಾರು ಇರಲಿಲ್ಲ. ಆದರೆ ಐಟಂ ದಿನೇ ದಿನೇ ಬೆಳೆಯಿತು. ಮೊದಲು ಚಕ್ರಾಸನ, ಆಮೇಲೆ ಹಿಂದಕ್ಕೆ ಬಾಗಿ ಏಳುವುದು, ಆಮೇಲೆ ಮೂರು ಅಂತಸ್ತಿನ ಪಿರಮಿಡ್. ಮೇಲಿನವಳ ಕೈಯಲ್ಲಿ ಬಾವುಟ.

ಆಗಸ್ಟ್ ಅಂದ್ರೆ ನಮ್ಮ ಕಡೆ ಆಶ್ಲೇಷ ಮಳೆ. ಗ್ರೌಂಡಿನಲ್ಲಿ ಕಾಲಿಟ್ಟರೆ ಕೆಸರು ಪಾದ ಮುಚ್ಚುತ್ತದೆ. ಹಾಗಾಗಿ ಪ್ರಾಕ್ಟೀಸ್ ಎಲ್ಲ ಹಾಲ್‌ಗೆ ಬಂತು. ಸಿಮೆಂಟ್ ನೆಲ, ಅದರ ಮೇಲೆ ಮಕ್ಕಳ ಛತ್ರಿಯಿಂದ ಸೋರಿದ ನೀರು. ಕಬಡ್ಡಿ ಮ್ಯಾಟ್ ಕೊಡಿ ಅಂದರೆ ವಲಯ ಮಟ್ಟದ ಟೂರ್ನಮೆಂಟ್ ಮುಗಿಯುವ ತನಕ ಸ್ಟೋರ್‌ರೂಮ್ ಬೀಗ ತೆಗೆಯುವುದಿಲ್ಲ ಅಂದರು. ಮಕ್ಕಳ ಬೆನ್ನಿಗಿಂತ ಸ್ಟಾಕ್ ರಿಜಿಸ್ಟರ್ ದೊಡ್ಡದಾಯಿತು. ಅದರ ಜೊತೆಗೆ ಡಿಸಿ ರಜೆ. ಮಳೆ ಜಾಸ್ತಿ ಆದಾಗ ರಜೆ ಕೊಡಲೇಬೇಕು, ಹಳ್ಳ ದಾಟಿ ಬರುವ ಮಕ್ಕಳಿದ್ದಾರೆ. ಆದರೆ ರಜೆ ಮುಗಿದು ಶಾಲೆ ತೆರೆದ ದಿನ ಹೋದ ಪ್ರಾಕ್ಟೀಸ್ ಎಲ್ಲ ಒಂದೇ ದಿನಕ್ಕೆ ತುಂಬಿದರು. ಬೆಳಿಗ್ಗೆ ಪ್ರೇಯರ್‌ಗೆ ಮುಂಚೆ, ಊಟದ ಬಿಡುವಿನಲ್ಲಿ, ಕೊನೆಯ ಎರಡು ಪಿರಿಯಡ್. ಒಂದು ದಿನಕ್ಕೆ ಎಷ್ಟು ಸಲ ಹತ್ತಿಸಿದೆವು ಅಂತ ಯಾರೂ ಲೆಕ್ಕ ಇಟ್ಟಿರಲಿಲ್ಲ.

ಅವತ್ತು ಕೊನೆಯ ಪಿರಿಯಡ್. ಸ್ಪೀಕರ್ ಜೋರು, ಶೀಟಿನ ಮೇಲೆ ಬೀಳುವ ಮಳೆ ಅದಕ್ಕಿಂತ ಜೋರು. ಕೆಳಗೆ ನಾಲ್ವರು, ಅವರ ಹೆಗಲ ಮೇಲೆ ಇಬ್ಬರು. ಅವರ ಮೇಲಕ್ಕೆ ಏಳನೇ ಕ್ಲಾಸಿನ ಸಣ್ಣ ಹುಡುಗಿ ಹತ್ತುತ್ತಿದ್ದಳು. ಸುತ್ತ ಹಿಡಿಯುವವರನ್ನು ನಾನೇ ನಿಲ್ಲಿಸಿದ್ದೆ. ಎಲ್ಲರ ಮುಖ ಮೇಲೆ. ನನ್ನದೂ ಮೇಲೆ. ಆಗ ಕೆಳಗಿನ ಸಾಲಿನ ಎಡತುದಿಯಿಂದ "ಮೇಡಂ" ಅಂತ ಸಣ್ಣ ದನಿ ಬಂತು.

ಒಂಬತ್ತನೇ ಕ್ಲಾಸಿನ ಹುಡುಗಿ. ಮೊಣಕಾಲು ಬಗ್ಗಿಸದೆ ಬಿಗಿಹಿಡಿದು ನಿಂತಿದ್ದಳು. ಹೊಟ್ಟೆ ಮುಂದಕ್ಕೆ ಬಂದಿತ್ತು, ಎದೆ ಹಿಂದಕ್ಕೆ ವಾಲಿತ್ತು. ಸೊಂಟದ ಹತ್ತಿರ ಬೆನ್ನು ಪೂರ್ತಿ ಒಳಕ್ಕೆ ಬಾಗಿತ್ತು. ತುಟಿ ಬಿಳಿಚಿಕೊಂಡಿತ್ತು. ನಗು ಮಾತ್ರ ಹಾಗೇ ಇತ್ತು, ಯಾಕಂದ್ರೆ ನಗಬೇಕು ಅಂತ ಹೇಳಿಕೊಟ್ಟಿದ್ದರು.

ಬಿಟ್ಟುಬಿಡು ಅನ್ನುವ ಹಾಗಿಲ್ಲ. ಅವಳು ಕುಸಿದರೆ ಮೇಲಿನವರು ನೇರ ಸಿಮೆಂಟಿಗೆ. ಮೇಲಿನಿಂದ ಒಬ್ಬೊಬ್ಬರನ್ನೇ ಇಳಿಸಬೇಕು, ಅಲ್ಲಿಯ ತನಕ ಇವಳು ತಡೆಯಬೇಕು. "ಇಳೀರಿ" ಅಂತ ಕೂಗಿದೆ, ಹಾಡಿನಲ್ಲಿ ಯಾರಿಗೂ ಕೇಳಲಿಲ್ಲ. ಸೀಟಿ ಊದಿದೆ. ಸೀಟಿ ಕೇಳಿದ ತಕ್ಷಣ ಮಕ್ಕಳು ಅಭ್ಯಾಸದಂತೆ ಇದ್ದಲ್ಲೇ ನಿಂತುಬಿಟ್ಟರು. ಮೇಲಿನವಳೂ ಅರ್ಧ ಹತ್ತಿದವಳು ಹಾಗೇ ನಿಂತಳು. ಭಾರ ಇಳಿಯಲಿಲ್ಲ. ನಾನು ಒಳಗೆ ನುಗ್ಗಿ, ಇವಳ ಹೆಗಲ ಮೇಲಿದ್ದ ಪಾದವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಇನ್ನೊಬ್ಬ ಟೀಚರ್ ಓಡಿ ಬಂದು ಮೇಲಿನವಳನ್ನು ಸೊಂಟ ಹಿಡಿದು ಇಳಿಸಿಕೊಂಡರು. ಆಮೇಲೆ ನಡುವಿನ ಇಬ್ಬರು ಇಳಿದರು. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ. ನನ್ನ ಕೈ ನಡುಗುವುದು ನಿಲ್ಲಲು ಬಹಳ ಹೊತ್ತು ಬೇಕಾಯಿತು.

ಬೆಂಚಿನ ಮೇಲೆ ಕೂರಿಸಿ ಕೇಳಿದೆ. "ಯಾವಾಗಿಂದ ನೋವು?" "ಮುಂಚಿಂದಾನೂ ಇದೆ ಮೇಡಂ. ರಜೆ ಬಂದ್ರೆ ಕಡಿಮೆ ಆಗುತ್ತೆ. ಹೇಳಿದ್ರೆ ತೆಗೆದು ಬೇರೆಯವಳನ್ನ ಹಾಕ್ತಾರೆ ಅಂತ ಹೇಳ್ಲಿಲ್ಲ." ಮುಂದಕ್ಕೆ ಬಗ್ಗಿದರೆ ಅಷ್ಟೇನೂ ನೋವಿರಲಿಲ್ಲ. ಹಿಂದಕ್ಕೆ ಬಾಗಿದರೆ ಎಡಗಡೆ ಚುಚ್ಚುತ್ತಿತ್ತು.

ಸ್ಟಾಫ್‌ರೂಮಿನಲ್ಲಿ ಇದನ್ನು ಹೇಳಿದಾಗ ಬಂದ ಮೊದಲ ಮಾತು "ಡೇಟ್ ಹತ್ತಿರ ಇರ್ಬೇಕು ಬಿಡಿ". ಹುಡುಗಿ ಸೊಂಟ ನೋವು ಅಂದರೆ ನಮ್ಮಲ್ಲಿ ಅಲ್ಲಿಗೇ ಮಾತು ಮುಗಿಯುತ್ತದೆ. ಇದು ನನಗೆ ಈಗಲೂ ಸಿಟ್ಟು ಬರಿಸುತ್ತದೆ. ಮುಟ್ಟಿನ ನೋವು ಬಂದು ಹೋಗುತ್ತದೆ. ಹಿಂದಕ್ಕೆ ಬಾಗಿದಾಗ ಮಾತ್ರ ಬರುವ, ವಾರಗಟ್ಟಲೆ ಇರುವ ನೋವು ಬೇರೆ. ಮನೆಯಲ್ಲಿ ಅಜ್ಜಿ ಉಳುಕು ಅಂತ ಎಣ್ಣೆ ಹಚ್ಚಿ ನೀವಿದ್ದರು. ಪ್ರೀತಿಯಿಂದಲೇ ಮಾಡಿದ್ದು, ತಪ್ಪು ಹೇಳಲಾರೆ. ಅವಳ ಅಮ್ಮನಿಗೆ ಫೋನ್ ಮಾಡಿ, "ನೀವಿಸೋದು ಸಾಕು, ಮೂಳೆ ಡಾಕ್ಟರಿಗೆ ತೋರಿಸೋಣ, ನಾನೂ ಬರ್ತೀನಿ" ಅಂದೆ. ಶಿವಮೊಗ್ಗಕ್ಕೆ ಹೋದೆವು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಎಂಆರ್‌ಐ ಮಾಡಿಸಿದಾಗ ಗೊತ್ತಾಯಿತು. ಕೆಳಬೆನ್ನಿನ ಕೊನೆಯ ಮೂಳೆ, ಎಲ್5, ಅದರ ಹಿಂಭಾಗದ ತೆಳುವಾದ ಜಾಗದಲ್ಲಿ ಸ್ಟ್ರೆಸ್ ಫ್ರಾಕ್ಚರ್. ಡಾಕ್ಟರು ಇದಕ್ಕೆ ಸ್ಪಾಂಡಿಲೊಲೈಸಿಸ್ ಅನ್ನುತ್ತಾರೆ ಅಂದರು.

ಒಂದೇ ಏಟಿಗೆ ಆಗುವ ಮುರಿತ ಅಲ್ಲ ಇದು. ತಂತಿಯನ್ನು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಗ್ಗಿಸಿದರೆ ಕೊನೆಗೆ ಅಲ್ಲೇ ಬಿರುಕು ಬಿಡುತ್ತದಲ್ಲ, ಹಾಗೆ. ಬೆನ್ನನ್ನು ಹಿಂದಕ್ಕೆ ಬಾಗಿಸುವುದು, ಬಾಗಿಸಿ ತಿರುಚುವುದು, ಅದರ ಮೇಲೆ ಭಾರ ಹೊರುವುದು, ಇವು ಸೇರಿದರೆ ಅಪಾಯ. ಜಿಮ್ನಾಸ್ಟ್‌ಗಳಲ್ಲಿ ಮತ್ತು ಫಾಸ್ಟ್ ಬೌಲರ್‌ಗಳಲ್ಲಿ ಇದು ಜಾಸ್ತಿ. ದೊಡ್ಡವರಲ್ಲಿ ನೂರಕ್ಕೆ ಸುಮಾರು 6 ಜನರಿಗೆ ಈ ಬಿರುಕು ಇರುತ್ತದೆ, ಅವರಲ್ಲಿ ಹೆಚ್ಚಿನವರಿಗೆ ನೋವೂ ಇರುವುದಿಲ್ಲ. ಹಾಗಾಗಿ ತಂದೆತಾಯಿ ಹೆದರಿ ಕೂರಬೇಕಾಗಿಲ್ಲ. ಮಕ್ಕಳಲ್ಲಿ ಬೇಗ ಗೊತ್ತಾದರೆ ಸಾಮಾನ್ಯವಾಗಿ ಆಪರೇಷನ್ ಬೇಡ. ಕೆಲವು ತಿಂಗಳು ಆಟ ನಿಲ್ಲಿಸಿ, ಆಮೇಲೆ ಹೊಟ್ಟೆ ಮತ್ತು ಬೆನ್ನಿನ ಸ್ನಾಯು ಗಟ್ಟಿ ಮಾಡುವ, ತೊಡೆಯ ಹಿಂಭಾಗ ಸಡಿಲ ಮಾಡುವ ವ್ಯಾಯಾಮ ಮಾಡಿಸುತ್ತಾರೆ. ತಡ ಮಾಡಿದರೆ ಎರಡೂ ಬದಿ ಬಿರುಕು ಬಿಟ್ಟು ಮೂಳೆ ಮುಂದಕ್ಕೆ ಜಾರಬಹುದು.

ಅವಳ ಅಪ್ಪನಿಗೆ ಅರ್ಥವಾಗಿದ್ದು ಬುಮ್ರಾ ಹೆಸರು ಹೇಳಿದಾಗ. 2019ರಲ್ಲಿ ಜಸ್‌ಪ್ರೀತ್ ಬುಮ್ರಾ ತಂಡದಿಂದ ಹೊರಗುಳಿದದ್ದು ಕೆಳಬೆನ್ನಿನ ಸ್ಟ್ರೆಸ್ ಫ್ರಾಕ್ಚರ್‌ನಿಂದಲೇ. 2022ರ ಟಿ20 ವಿಶ್ವಕಪ್ ಕೂಡ ಬೆನ್ನಿನಿಂದಾಗಿ ತಪ್ಪಿತು. ಕ್ರಿಕೆಟ್‌ನವರು ಇದರಿಂದ ಪಾಠ ಕಲಿತು ಓವರ್ ಎಣಿಸುತ್ತಾರೆ. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ ಬಹಳ ವರ್ಷ ಪಾಲಿಸಿದ ನಿಯಮದ ಪ್ರಕಾರ 14-15 ವಯಸ್ಸಿನ ಗುಂಪಿನ ಫಾಸ್ಟ್ ಬೌಲರ್‌ಗೆ ಒಂದು ಸ್ಪೆಲ್‌ಗೆ, ಅಂದ್ರೆ ಬಿಡುವು ಕೊಡುವ ಮುಂಚೆ ಒಂದು ಸರದಿಗೆ, 6 ಓವರ್, ದಿನಕ್ಕೆ 12. ಅದೇ ವಯಸ್ಸಿನ ನಮ್ಮ ಹುಡುಗಿ ದಿನಕ್ಕೆ ಎಷ್ಟು ಸಲ ಪಿರಮಿಡ್ ಹೊರಬಹುದು ಅಂತ ಕೇಳಿದರೆ ಶಾಲೆಯಲ್ಲಿ ಯಾರ ಹತ್ತಿರವೂ ಉತ್ತರ ಇರಲಿಲ್ಲ.

ಚಿಯರ್ ಲೀಡಿಂಗ್ ಹುಟ್ಟಿದ ಅಮೆರಿಕದಲ್ಲಿ ಮಕ್ಕಳ ಡಾಕ್ಟರುಗಳ ಸಂಘ, ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, 2012ರಲ್ಲೇ ಸ್ಪಷ್ಟವಾಗಿ ಹೇಳಿದೆ. ಗಟ್ಟಿ ನೆಲ, ಒದ್ದೆ ನೆಲ, ಏರುತಗ್ಗಿನ ನೆಲದಲ್ಲಿ ಸ್ಟಂಟ್ ಬೇಡ. ಪಿರಮಿಡ್ ಇಬ್ಬರ ಎತ್ತರ ಮೀರಬಾರದು. ಜಪಾನಿನ ಶಾಲೆಗಳಲ್ಲಿ ಕ್ರೀಡಾದಿನಕ್ಕೆ ದೊಡ್ಡ ದೊಡ್ಡ ಪಿರಮಿಡ್ ಕಟ್ಟುವ ರೂಢಿ ಇತ್ತು. ಮಕ್ಕಳಿಗೆ ಪೆಟ್ಟಾಗುವುದು ನೋಡಿ 2016ರಲ್ಲಿ ಒಸಾಕಾ ನಗರ ತನ್ನ ಶಾಲೆಗಳಲ್ಲಿ ಅದನ್ನು ನಿಲ್ಲಿಸಿತು. ಒದ್ದೆ ಸಿಮೆಂಟಿನ ಮೇಲೆ ಮೂರು ಅಂತಸ್ತು ಕಟ್ಟಿಸಿದ ನಮ್ಮ ಮ್ಯಾನೇಜ್‌ಮೆಂಟಿಗೆ ಇದನ್ನೆಲ್ಲ ಪ್ರಿಂಟ್ ತೆಗೆದು ಕೊಟ್ಟೆ. ಎಚ್‌ಎಂ ಓದಿದರು. ಉಳಿದವರು ಓದಿದರೋ ಇಲ್ಲವೋ, ಆ 15ಕ್ಕೆ ಪಿರಮಿಡ್ ಮಾತ್ರ ಆಗಲಿಲ್ಲ. ಕುಣಿತ ಅಷ್ಟೇ ಆಯ್ತು, ಜನ ಚಪ್ಪಾಳೆ ಹೊಡೆದರು.

ಈಗ ನಾನು ಪ್ರಾಕ್ಟೀಸ್‌ಗೆ ಮುಂಚೆ ಮಕ್ಕಳ ಯೂನಿಫಾರ್ಮ್ ಪ್ಯಾಂಟ್ ನೋಡುತ್ತೇನೆ. ಜೂನ್‌ನಲ್ಲಿ ಹೊಲಿಸಿದ್ದು ಆಗಸ್ಟ್‌ಗೇ ಕಾಲಿನಿಂದ ಮೇಲೆ ಬಂದಿದ್ದರೆ ಆ ಹುಡುಗಿ ಭರದಿಂದ ಬೆಳೆಯುತ್ತಿದ್ದಾಳೆ ಅಂತ. ಆ ಸಮಯದಲ್ಲಿ ಮೂಳೆ ಬೇಗ ಉದ್ದವಾಗುತ್ತದೆ, ಸ್ನಾಯು ಹಿಂದೆ ಬೀಳುತ್ತದೆ, ತೊಡೆಯ ಹಿಂಭಾಗ ಬಿಗಿಯಾಗಿರುತ್ತದೆ. ಅಂಥವಳಿಗೆ ಭಾರ ಹೊರಿಸುವುದಿಲ್ಲ, ಚಕ್ರಾಸನವೂ ಕಡಿಮೆ. ಕಷ್ಟ ಏನಂದ್ರೆ, ಎತ್ತರ ಬೆಳೆದವಳನ್ನೇ ಎಲ್ಲರೂ ಕೆಳಗೆ ನಿಲ್ಲಿಸುವುದು. ನಮ್ಮ ಹುಡುಗಿಯನ್ನೂ ಅದಕ್ಕೇ ಆರಿಸಿದ್ದರು.

ಹೊರುವವರಿಗೆ ಮೊದಲು ನಿಲ್ಲುವುದನ್ನೇ ಕಲಿಸುತ್ತೇನೆ. ಪಾದ ಅಗಲ, ಮೊಣಕಾಲು ಸ್ವಲ್ಪ ಬಗ್ಗಿರಬೇಕು, ಹೊಟ್ಟೆ ಬಿಗಿ, ಎತ್ತುವಾಗ ಶಕ್ತಿ ತೊಡೆಗಳಿಂದ ಬರಬೇಕು. ಬೆನ್ನು ಹಿಂದಕ್ಕೆ ವಾಲಿತು ಅಂದ್ರೆ ಅಲ್ಲಿಗೆ ನಿಲ್ಲಿಸುವುದು. ಹಿಡಿಯುವವರಲ್ಲಿ ಒಬ್ಬಳ ಕೆಲಸ ಕೆಳಗಿನವರ ಮುಖ ನೋಡುವುದು ಮಾತ್ರ. ಒಂದು ಸೀಟಿ ಅಂದ್ರೆ ನಿಲ್ಲು, ಎರಡು ಸೀಟಿ ಅಂದ್ರೆ ಮೇಲಿನಿಂದ ಇಳಿ. ಎಷ್ಟು ಸಲ ಹತ್ತಿದರು ಅಂತ ಬೋರ್ಡ್ ಮೇಲೆ ಗೆರೆ ಎಳೆಯುತ್ತೇವೆ. ಮಳೆ ರಜೆಯ ಬಾಕಿಯನ್ನು ಒಂದೇ ದಿನ ತೀರಿಸುವುದು ನಿಂತಿದೆ. ಯಾರಾದರೂ ಬಿದ್ದು ಬೆನ್ನು ಕುತ್ತಿಗೆ ನೋವು ಅಂದರೆ ಎತ್ತಿ ಕೂರಿಸುವ ಹಾಗಿಲ್ಲ, ಮಲಗಿದಲ್ಲೇ ಬಿಟ್ಟು 108ಕ್ಕೆ ಫೋನ್. ಕಾಲು ಜೋಮು ಹಿಡಿದಿದೆ, ಬಲ ಇಲ್ಲ, ಮೂತ್ರಕ್ಕೆ ತೊಂದರೆ ಅಂದರೆ ಅವತ್ತೇ ಆಸ್ಪತ್ರೆಗೆ.

ನೋವು ಹೇಳಿದವಳನ್ನು ಟೀಮಿನಿಂದ ತೆಗೆಯುವುದಿಲ್ಲ ಅಂತ ಮಕ್ಕಳಿಗೆ ಮಾತು ಕೊಟ್ಟಿದ್ದೇನೆ. ಮ್ಯೂಸಿಕ್ ಹಾಕುವುದು, ಕೌಂಟ್ ಹೇಳುವುದು, ಫಾರ್ಮೇಷನ್ ಬರೆಯುವುದು, ಏನಾದರೂ ಕೆಲಸ ಇದ್ದೇ ಇರುತ್ತದೆ. ಆ ಹುಡುಗಿ ಗುಣವಾಗುವ ತನಕ ಕೌಂಟ್ ಹೇಳಿದಳು. ಈಗ ಡಾಕ್ಟರು ಒಪ್ಪಿದ ಮೇಲೆ ಥ್ರೋಬಾಲ್ ಆಡುತ್ತಿದ್ದಾಳೆ.

ಮ್ಯಾಟ್ ಬೇಕು ಅಂತ ಕೊಟ್ಟ ಅರ್ಜಿ ಇನ್ನೂ ಆಫೀಸಿನಲ್ಲೇ ಇದೆ. ವಾರ್ಷಿಕೋತ್ಸವಕ್ಕೆ ಮತ್ತೆ ಚಿಯರ್ ಐಟಂ ಕೇಳಿದ್ದಾರೆ. ಮ್ಯಾಟ್ ಬಾರದಿದ್ದರೆ ಒಬ್ಬರ ಮೇಲೆ ಒಬ್ಬರನ್ನು ಹತ್ತಿಸುವುದಿಲ್ಲ ಅಂತ ಬರೆದು ಸಹಿ ಹಾಕಿ ಎಚ್‌ಎಂಗೆ ಕೊಟ್ಟಿದ್ದೇನೆ.